ಕರೆಯದವರು ತಿಂದ ಬಳ್ಳಿ

ಮಕ್ತುಂಚಾಚಾಗೆ ಸಿಟ್ಟು ಬಂದರೆ ಮೊದಲು ತಲೆಯ ಟೊಪ್ಪಿಗೆ ತೆಗೆದು ಕೀಬೋರ್ಡಿನ ಮೇಲೆ ಇಡುತ್ತಿದ್ದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ದೂಡಿ, ಲಗ್ನದ ಮನೆಯ ಬಾಗಿಲಲ್ಲಿ ನಿಂತ ಗುರುತಿಲ್ಲದವನನ್ನು ವಿಚಾರಿಸುವ ಹಾಗೆ ಕಂಪ್ಯೂಟರನ್ನು ಕೇಳುತ್ತಿದ್ದರು: “ನೀ ಯಾರ ಕಡಿಯಾಂವಲೇ? ಹುಡುಗನ ಕಡಿಯಾಂವೋ, ಹುಡುಗಿ ಕಡಿಯಾಂವೋ?”

ಬೆಟಗೇರಿಯ ಬಜಾರಿನಲ್ಲಿ ಅವರದು ಲಗ್ನಪತ್ರಿಕೆಯ ಅಂಗಡಿ. ಗದಗ ಜಿಲ್ಲೆಯಾದ ಮೇಲೆ ಇಂಥ ಅಂಗಡಿಗಳು ಓಣಿಗೊಂದು ಹುಟ್ಟಿಕೊಂಡಿದ್ದವು. ನಾನು ಹುಲಕೋಟಿಯಿಂದ ಬಸ್ಸಿಗೆ ಬಂದು ಚಾಚಾರ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ಮಾಡುತ್ತಿದ್ದೆ. ಉಳಿದ ಅಂಗಡಿಗಳಲ್ಲಿ ಎಲ್ಲರೂ ಸಾಫ್ಟ್‌ವೇರಿನ ಕಳ್ಳ ಪ್ರತಿ ಹಾಕಿಕೊಂಡು ಆರಾಮಾಗಿದ್ದರು. ಚಾಚಾ ಮಾತ್ರ ಸುತರಾಂ ಒಪ್ಪಲಿಲ್ಲ. “ಕದ್ದ ಮಾಲಿನ ಮ್ಯಾಲೆ ಮಂದಿ ನಿಕಾಹದ ಹೆಸರು ಬರೀಲೇನು?” ಎಂದು ಕೂಗಾಡಿ, ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಸಿಕೊಂಡರು. ಅದರಲ್ಲೂ ಚಿತ್ರ ಬಿಡಿಸುವ ಪ್ರೋಗ್ರಾಮೊಂದು, ಕನ್ನಡ ಮತ್ತು ಉರ್ದು ಅಕ್ಷರ, ಪ್ರಿಂಟಿಗೆ ಬೇಕಾದಷ್ಟು ಮಾತ್ರ ಇಟ್ಟುಕೊಂಡರು. ಮಿಕ್ಕಿದ್ದನ್ನೆಲ್ಲ ಕಿತ್ತು ಹಾಕಿಸಿದರು. ಹಳೆಯ ಯಂತ್ರ, ಅದರ ಹೊಟ್ಟೆಯೂ ಸಣ್ಣದು. “ಕೆಲಸಾ ಮಾಡಾವ್ರಿಗಷ್ಟs ಇಲ್ಲಿ ಜಾಗಾ,” ಎನ್ನುತ್ತಿದ್ದರು.

ಆ ಯಂತ್ರದಲ್ಲೇ ಅವರ ಬಳ್ಳಿ ಇತ್ತು. ಒಬ್ಬಳೇ ಮಗಳು ಶಮೀಮಳ ಲಗ್ನಪತ್ರಿಕೆಯ ಅಂಚಿಗೆಂದು, ಗಿರಾಕಿ ಇಲ್ಲದಾಗಲೆಲ್ಲ ಕೂತು ಬಿಡಿಸುತ್ತಿದ್ದರು. ಮದರಂಗಿಯ ಎಲೆ, ನಡುನಡುವೆ ದಾಳಿಂಬೆ ಹೂ, ಒಂದು ಎಲೆಯ ಹಾಗೆ ಇನ್ನೊಂದಿಲ್ಲ. ಶಮೀಮ್ ಸಾಲಿಗೆ ಹೋಗುವಾಗ ಶುರುವಾದದ್ದು ಅವಳು ಕಾಲೇಜು ಮುಗಿಸುವವರೆಗೂ ಬೆಳೆಯಿತು. ಅದನ್ನು ಪೆನ್‌ಡ್ರೈವಿಗೆ ಹಾಕಲಿಲ್ಲ, ಒಂದು ಪ್ರಿಂಟೂ ತೆಗೆಯಲಿಲ್ಲ. ನಮ್ಮ ಬಜಾರಿನಲ್ಲಿ ಮುಂಜಾನೆ ಮಾಡಿದ ಹೊಸ ಡಿಸೈನು ಸಂಜೆಗೆ ಪಕ್ಕದ ಅಂಗಡಿಯಲ್ಲಿರುತ್ತಿತ್ತು. “ಒಂದ್ ಕಾಪಿ ಇಟ್ಕೋರಿ ಚಾಚಾ,” ಎಂದರೆ ನನ್ನ ಮೇಲೆಯೇ ಹರಿಹಾಯ್ದರು. “ಕಾಪಿ ಅಂದ್ರ ಕಳ್ಳರಿಗೆ ದಾರಿ ತೋರಿಸಿದಾಂಗ! ನಮ್ಮ ಮನಿ ಪತ್ರಿಕಿ ಲಗ್ನಕ್ಕಿಂತ ಮೊದ್ಲ ಯಾರೂ ನೋಡಬಾರದು.”

ಮುಂಡರಗಿಯ ಹುಡುಗನೊಂದಿಗೆ ಶಮೀಮಳ ಮಾತು ಪಕ್ಕಾ ಆಯಿತು. ಅದೇ ಹೊತ್ತಿಗೆ ಪರದೆಯ ಮೇಲೆ ಸೂಚನೆ ಬಂತು: ಲಿನಕ್ಸಿನ ಹಳೆಯ ಆವೃತ್ತಿಯನ್ನು ಇನ್ನು ನೋಡಿಕೊಳ್ಳುವವರಿಲ್ಲ, ಹೊಸದಕ್ಕೆ ಏರಿಸಿಕೊಳ್ಳಿ. ಲಗ್ನದ ಗಡಿಬಿಡಿಗೆ ಮೊದಲೇ ಮುಗಿಯಲಿ ಎಂದು ಚಾಚಾ ಹೂಂ ಎಂದು ಒತ್ತಿ, ಶುಕ್ರವಾರದ ನಮಾಜಿಗೆ ಹೋದರು.

ತಿರುಗಿ ಬಂದು ನೋಡಿದರೆ ಯಂತ್ರದ ತುಂಬ ಹೊಸ ಆವೃತ್ತಿಯ ಬೆನ್ನಿಗೆ ಬಂದ ಗುರುತಿಲ್ಲದ ಮಂದಿ! ಟಪಾಲು ಓದುವುದೊಂದು, ಸಿನಿಮಾ ನೋಡುವುದೊಂದು, ನಾವು ಜನ್ಮದಲ್ಲಿ ಕಾಣದ ದೇಶಗಳ ಅಕ್ಷರಗಳು, ಚದುರಂಗ, ಮೇಲೆ ಇಸ್ಪೀಟು. ಟೊಪ್ಪಿಗೆ ಕೀಬೋರ್ಡಿನ ಮೇಲೆ ಬಂತು. “ನನ್ನ ಅಂಗಡ್ಯಾಗ ಇಸ್ಪೀಟಾ! ಯಾರಲೇ ಕರದವ್ರು ನಿಮ್ಮನ್ನ?” ನನಗೆ ನಗು ತಡೆಯಲಾಗಲಿಲ್ಲ. ಬೈದು ಬೈದು ದಣಿದು, ಮನಸ್ಸು ಸಮಾಧಾನ ಆಗಲೆಂದು ಅವರು ಬಳ್ಳಿಯನ್ನು ತೆರೆದರು. ಒಂದು ಎಲೆಯ ತುದಿ ತಿದ್ದಿದರು, ಉಳಿಸಲು ಒತ್ತಿದರು. ಜಾಗ ಇಲ್ಲ ಎಂದಿತು ಯಂತ್ರ. ಹಾಗೆಯೇ ನಿಂತುಬಿಟ್ಟಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗ ಬಳ್ಳಿಯ ಹೆಸರು ಮಾತ್ರ ಇತ್ತು, ಒಳಗೆ ಏನೂ ಇರಲಿಲ್ಲ.

ಆಗ ನನ್ನ ನಗು ಎಲ್ಲಿ ಹೋಯಿತೋ.

ಲಿನಕ್ಸ್ ಹಾಕಿಕೊಟ್ಟಿದ್ದ ಗದಗಿನ ಹುಡುಗನಿಗೆ ಫೋನು ಮಾಡಿದೆವು. “ಪುಕ್ಕಟ ಕೊಟ್ಟದ್ದಕ್ಕ ಬೈತಾರೇನ್ರಿ? ಬ್ಯಾಡಾದ್ರ ತಗದ ಹಾಕ್ರಿ,” ಎಂದ ಪುಣ್ಯಾತ್ಮ. ಚಾಚಾ ಫೋನು ಕಸಿದುಕೊಂಡರು. “ಪುಕ್ಕಟ ಕೊಟ್ರಂತ ನಾ ಇಲ್ಲದಾಗ ಮನಿ ಹೊಕ್ಕು ಇಸ್ಪೀಟ್ ಇಟ್ಟು ಹೋಗೂದ? ಕೇಳಾಕ ಬಾಯಿ ಬಿದ್ದಿತ್ತೇನು?” ಮರುದಿನವೆಲ್ಲ ಕೂತು, ಒಂದೊಂದನ್ನೂ “ನೀ ಯಾರ ಕಡಿಯಾಂವಲೇ?” ಎಂದು ವಿಚಾರಿಸಿ ವಿಚಾರಿಸಿ ಹೊರಗೆ ಹಾಕಿದೆವು. ಜಾಗ ಬೇಕಾದಷ್ಟಾಯಿತು. ಬಳ್ಳಿ ಬರಲಿಲ್ಲ.

ಊರಿಗೆಲ್ಲ ಚೆಂದದ ಪತ್ರಿಕೆ ಮಾಡಿಕೊಟ್ಟವರ ಮಗಳ ಪತ್ರಿಕೆ ಬರೀ ಅಕ್ಷರದಲ್ಲಿ, ಸುತ್ತ ಒಂದು ಗೆರೆಯೂ ಇಲ್ಲದೆ ಹೊರಟಿತು. ಅದನ್ನು ಮಡಚುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಲಗ್ನದ ಊಟದಲ್ಲಿ ಕೊನೆಯ ಸಾಲಿಗೆ ಯಾರದೋ ಮಂದಿ ಬಂದು ಕೂತರು. ಅವರನ್ನು ಯಾರೂ ಕರೆದಿರಲಿಲ್ಲ. ಚಾಚಾ ತಾವೇ ತಾಟು ಹಿಡಿದು “ಕುಂಡ್ರಿ, ಕುಂಡ್ರಿ” ಎಂದು ಬಡಿಸುತ್ತಿದ್ದರು. “ಇವ್ರು ಯಾರ ಕಡಿಯವ್ರಂತ ಕೇಳಲಿಲ್ಲಲ್ರಿ ಚಾಚಾ?” ಎಂದು ಕೆಣಕಿದೆ.

“ಇವ್ರು ಹಸದ್ ಬಂದಾರ ತಂಗಿ. ಉಂಡು, ದುವಾ ಮಾಡಿ ಹೋಗ್ತಾರ. ಯಂತ್ರದಾಗ ಬಂದಿದ್ವಲ್ಲ, ಅವು ನನ್ನ ಮನಿಯಾಗs ಕುಂತು ನನ್ನ ಮಗಳದ್ದನ್ನs ಹೊರಗ ಹಾಕಿದ್ವು.” ಅವರ ಕಣ್ಣು ಕೆಂಪಾಗಿತ್ತು.

ಲಗ್ನವಾದ ಮೇಲೆ ಮತ್ತೆ ಮೊದಲ ಎಲೆಯಿಂದ ಬಳ್ಳಿ ಶುರು ಮಾಡಿದರು. ಇನ್ನು ಯಾರಿಗೆ ಎಂದು ಕೇಳಿದೆ. “ಶಮೀಮಗs. ಲಗ್ನ ಆತಂದ್ರ ಮಾತು ಮುಗೀತೇನು?” ಎಂದರು. ಈಗ ವಯಸ್ಸಾಗಿತ್ತು, ವಾರಕ್ಕೊಂದು ಎಲೆ ಆದರೆ ಹೆಚ್ಚು. ಒಂದು ಸಂಜೆ ನಾನು ಬಸ್ಸಿಗೆ ಹೊರಟಾಗ ದಾಳಿಂಬೆ ಹೂವಿನ ಒಂದು ಪಕಳೆ ಬಿಡಿಸುತ್ತಿದ್ದರು. “ನಾಳೆ ಜಲ್ದಿ ಬಾ, ಶಿರಹಟ್ಟಿ ಪತ್ರಿಕಿ ಅದಾವು,” ಎಂದರು, ತಿರುಗಿ ನೋಡಲಿಲ್ಲ. ಮರುದಿನ ನಾನು ಜಲ್ದಿಯೇ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಓಣಿಯ ಮಂದಿ ಅವರ ಮನೆಯ ಮುಂದೆ ಸೇರಿದ್ದರು.

ಅಂಗಡಿ ಈಗ ನಾನು ನಡೆಸುತ್ತೇನೆ. ಬಳ್ಳಿ ಅರ್ಧಕ್ಕೇ ನಿಂತಿದೆ. ಮುಗಿಸಲೇನು ಎಂದು ಶಮೀಮಳನ್ನು ಕೇಳಿದ್ದೆ. “ಬ್ಯಾಡಕ್ಕಾ, ಅಬ್ಬಾ ಎಲ್ಲಿ ಬಿಟ್ಟಾರೋ ಅಲ್ಲೇ ಇರಲಿ,” ಎಂದಳು. ಅದರ ಒಂದು ಕಾಪಿ ಅವಳ ಮನೆಯಲ್ಲಿದೆ, ಒಂದು ನನ್ನ ಮನೆಯಲ್ಲಿ. ಕಳ್ಳರು ಒಯ್ದರೆ ಒಯ್ಯಲಿ.

ಇವತ್ತಿಗೂ ಮುಂಜಾನೆ ಯಂತ್ರ ಚಾಲೂ ಮಾಡಿದರೆ ಅದೇ ಸೂಚನೆ ಬರುತ್ತದೆ, ಹೊಸದಕ್ಕೆ ಏರಿಸಿಕೊಳ್ಳಿ ಎಂದು. ಹೂಂ ಅನ್ನಲು ಒಂದು ಗುಂಡಿ, ಆಮೇಲೆ ಅನ್ನಲು ಒಂದು ಗುಂಡಿ. ಬೇಡ ಅನ್ನಲು ಗುಂಡಿಯನ್ನೇ ಇಟ್ಟಿಲ್ಲ ಈ ನಾಚಿಕೆಗೆಟ್ಟವರು! ನಾನು ಇಂಟರ್ನೆಟ್ಟಿನ ವೈರನ್ನೇ ಕಿತ್ತು ಒಗೆದು, “ಯಾರ ಕಡಿಯಾಂವಲೇ ನೀ?” ಎಂದು ಜೋರಾಗಿ ಕೇಳಿ ಕೆಲಸಕ್ಕೆ ಕೂಡುತ್ತೇನೆ.