ಸದ್ದಿಲ್ಲದ ಟ್ಯಾಪೆಟ್

ಗೆಳೆಯರೇ, ಇವತ್ತು ಹರಿಹರದಾಗ ಒಬ್ಬ ಮಿಸ್ತ್ರಿ ಮೇಲೆ ಭಾರೀ ಅನುಮಾನ ಬಂತು.

ನಂದಿಗುಡಿಯಿಂದ ಭತ್ತ ಹೇರ್ಕೊಂಡು ದಾವಣಗೆರೆಗೆ ಹೊರಟಿದ್ದೆ. ಪೆಟ್ರೋಲ್ ಇಂಜಿನ್ನಿನ ಹಳೇ ಲಾರಿ ಮಾರಿ ಈ ಡೀಸೆಲ್ ಲಾರಿ ತಂದು ವರ್ಷ ಆಗಿಲ್ಲ, ಈಗೊಂದು ವಾರದಿಂದ ಏರು ಬಂದ್ರೆ ಎಳೆಯೋದೇ ಇಲ್ಲ. ಹರಿಹರದಾಗ ಲಾರಿ ರಿಪೇರಿ ಮಾಡೋ ಗೌಸ್ ಮಿಸ್ತ್ರಿ ಹತ್ರ ನಿಲ್ಲಿಸಿದೆ. "ಇಂಜಿನ್ ತಣ್ಣಗಾಗ್ಲಿ" ಅಂತ ಮೂರು ತಾಸು ಕೂರಿಸಿದ. ಕೆಲಸ ಬರದೆ ಕಾಲ ತಳ್ತಾನೆ ಅನ್ಕೊಂಡೆ.

ಆಮೇಲೆ ಮುಚ್ಚಳ ಬಿಚ್ಚಿ, ವಾಲ್ವಿನ ಸಂದು ಅಳೆಯೋ ತೆಳು ಪಟ್ಟಿ ನನ್ನ ಕೈಗೇ ಕೊಟ್ಟ. "ತಣ್ಣಗಿದ್ದಾಗ್ಲೇ ಇದನ್ನ ಅಳೀಬೇಕು, ನೀವೇ ತೂರ್ಸಿ ನೋಡ್ರಿ." ಎಲ್ಲೂ ತೂರಲಿಲ್ಲ.

"ಟ್ಯಾಪೆಟ್, ಅಂದ್ರೆ ಈ ವಾಲ್ವ್ ಸಂದು, ಯಾರ ಹತ್ರ ಹೊಂದಿಸಿದ್ರಿ?"

"ಹೋದ ವಾರ ದಾವಣಗೆರೆದಾಗ. ಆಮೇಲೆ ಒಂಚೂರೂ ಸದ್ದಿರಲಿಲ್ಲ."

"ಸಂದೇ ಇಲ್ಲ, ಸದ್ದು ಎಲ್ಲಿಂದ ಬರ್ತೈತ್ರಿ? ಬಿಸಿ ಆದಾಗ ವಾಲ್ವ್ ಪೂರ್ತಿ ಮುಚ್ಚಲ್ಲ. ಹಿಂಗೇ ಓಡ್ಸಿದ್ರೆ ಸುಟ್ಟು ಹೋಗ್ತೈತಿ."

ವಾಲ್ವಿಗೆ ಬೇಕಾದಷ್ಟು ಸಂದು ಬಿಟ್ಟು, ಮುಚ್ಚಳ ಕೂರಿಸಿ ಚಾಲೂ ಮಾಡಿದ. ಇಂಜಿನ್ ಟಿಕಟಿಕ ಅಂತು. "ಕೆಡಿಸಿಬಿಟ್ರಲ್ರೀ!" ಅಂತ ಕೂಗಿದೆ.

ಮಿಸ್ತ್ರಿ ಸಿಟ್ಟಾಗಲಿಲ್ಲ. ನನ್ನ ಪಕ್ಕಕ್ಕೆ ಹತ್ತಿ ಕೂತ. "ನಡೀರಿ, ಏರು ದಾಟೋ ತನಕ ನಾನೂ ಬರ್ತೀನಿ."

ಅಷ್ಟೂ ಚೀಲ ಹೊತ್ತು ಲಾರಿ ಸಲೀಸಾಗಿ ಏರು ಹತ್ತಿತು. ಗೌಸ್ ಸಾಬ್ರು ಅಲ್ಲೇ ಇಳಿದು, ನಡ್ಕೊಂಡೇ ವಾಪಸ್ ಹೋದ್ರು.

ನನ್ನ ಅನುಮಾನ ಇನ್ನೂ ಹೋಗಿಲ್ಲ. ದಾವಣಗೆರೆ ಮಿಸ್ತ್ರಿ ಮೇಲೆ ತಿರುಗೈತೆ, ಅಷ್ಟೇ.