ಬೊಂಬಾಯಿಯಲ್ಲಿ ತಾತನ ಎಡೆ

ಆಗೆಲ್ಲ ನಮ್ಮ ಬೀಚನಹಳ್ಳಿಯಲ್ಲಿ ವಿಮಾನ ಅಂದರೆ ತಲೆಯ ಮೇಲೆ ಹಾದುಹೋಗುವ ಒಂದು ಸದ್ದು, ಅಷ್ಟೇ. ಸದ್ದು ಕೇಳಿಸಿದರೆ ಕುಂಟಾಬಿಲ್ಲೆ ಆಡುತ್ತಿದ್ದವರು ಎತ್ತಿದ ಕಾಲನ್ನು ಎತ್ತಿಕೊಂಡೇ ನಿಂತು ಆಕಾಶ ನೋಡುತ್ತಿದ್ದೆವು. ಅಂಥ ಊರಿನಿಂದ ನಾನು, ಅಮ್ಮ, ಅಜ್ಜಿ, ಮೂವರೂ ಹೆಂಗಸರೇ, ಒಂದು ಸಲ ವಿಮಾನ ಹತ್ತಿ ಹೋದೆವು. ನನಗೆ ಆಗ ಹನ್ನೊಂದು ವರ್ಷ. ನಾಲ್ಕು ಜನ ಕೂತ ಕಡೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಬರೆದಿಡುತ್ತಿದ್ದೇನೆ. ಮೊಮ್ಮಕ್ಕಳೇ, ನೀವು ಓದಲು ಕಲಿತ ಮೇಲೆ ಓದಿಕೊಳ್ಳಿ.

ನನ್ನ ಅಪ್ಪ ಕಬಿನಿ ಕಾಲುವೆಯ ಕೆಲಸದಲ್ಲಿ ಡೋಜರ್ ಓಡಿಸುತ್ತಿದ್ದರು. ಅಲ್ಲಿ ಪರಿಚಯವಾದ ಕಂಟ್ರಾಕ್ಟರೊಬ್ಬರು ಅವರನ್ನು ರಸ್ತೆ ಕೆಲಸಕ್ಕೆ ಮಸ್ಕತ್ತಿಗೆ ಕರೆದುಕೊಂಡು ಹೋದರು. ಅಪ್ಪ ಹೋದ ಮೇಲೆ ತಾತ ತೀರಿಕೊಂಡರು. ಅಪ್ಪನಿಗೆ ರಜ ಸಿಗಲಿಲ್ಲ. ಒಬ್ಬನೇ ಮಗ, ಮಣ್ಣಿಗೂ ಬರಲಾಗಲಿಲ್ಲ, ವರ್ಷದ ಕಾರ್ಯಕ್ಕೂ ಬರಲಾಗಲಿಲ್ಲ. ಕೊನೆಗೆ ಕಂಪನಿಯವರು ಮನೆಯವರನ್ನು ಸ್ವಲ್ಪ ದಿನ ಕರೆಸಿಕೋ ಎಂದು ಟಿಕೆಟ್ಟು ಮಾಡಿಸಿಕೊಟ್ಟರು. ಟಿಕೆಟ್ಟು ಬಿದ್ದದ್ದು ಮಾರ್ನಮಿ ಅಮಾಸೆಯ ದಿನ.

ಮಾರ್ನಮಿ ಅಮಾಸೆ ನಮ್ಮಲ್ಲಿ ಸತ್ತವರ ಹಬ್ಬ. ಅವತ್ತು ಮನೆಯ ಹಿರಿಯರಿಗೆ ಏನೇನು ಇಷ್ಟವೋ ಅದನ್ನೆಲ್ಲ ಅಡಿಗೆ ಮಾಡಿ, ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಬಂದು ನಿಲ್ಲುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಬಾಗಿಲು ತೆಗೆದು, ಆಮೇಲೆ ನಾವು ಉಣ್ಣುವುದು. ಅದನ್ನೇ ಎಡೆ ಅನ್ನುವುದು. ವರ್ಷ ತುಂಬಿದ ಮೇಲೆ ತಾತನಿಗೆ ಅದು ಮೊದಲನೆಯ ಎಡೆ. ಮೊದಲನೆಯದು ತಪ್ಪಿದರೆ ಸತ್ತವರು ಮನೆಯ ದಾರಿ ಮರೆತುಬಿಡುತ್ತಾರೆ ಎಂದು ಅಜ್ಜಿ ನಂಬಿದ್ದರು.

ಆದರೂ ಅಜ್ಜಿ ಹೊರಡಲು ಒಪ್ಪಿದ್ದು ಯಾಕೆ ಅಂದರೆ, ವಿಮಾನ ಹಾರುವುದಲ್ಲವೇ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗನ ಮನೆಯಲ್ಲಿರುತ್ತೇವೆ ಎಂದುಕೊಂಡಿದ್ದರು. ಮಗನ ಕೈಯಲ್ಲೇ ಎಡೆ ಇಡಿಸಬೇಕು ಎಂದು ರಾಗಿ ಹಿಟ್ಟು, ಹೊಸ ಪಂಚೆ, ಬೀಡಿ ಕಟ್ಟು, ಎಲೆ ಅಡಿಕೆ, ಧೂಪ ಎಲ್ಲವನ್ನೂ ಕೈಚೀಲದಲ್ಲೇ ತುಂಬಿಕೊಂಡು ತೊಡೆಯ ಮೇಲಿಂದ ಇಳಿಸದೆ ಬಂದರು. ಅಮಾಸೆ ದಿನ ಎಡೆಗೆ ಮುಂಚೆ ಉಣ್ಣಬಾರದೆಂದು ವಿಮಾನದಲ್ಲಿ ಕೊಟ್ಟ ಊಟವನ್ನು ಮುಟ್ಟಲಿಲ್ಲ. ನನಗೂ ಮುಟ್ಟಲು ಬಿಡಲಿಲ್ಲ. ಬೆಣ್ಣೆಯ ವಾಸನೆ ಬರುತ್ತಿದ್ದ ಆ ತಟ್ಟೆಯನ್ನು ವಾಪಸ್ಸು ಕೊಟ್ಟದ್ದು ನನಗೆ ಇವತ್ತಿಗೂ ನೆನಪಿದೆ.

ಮಧ್ಯಾಹ್ನ ಬೊಂಬಾಯಿಯಲ್ಲಿ ಇಳಿದೆವು. ಬೆಂಗಳೂರಿನಿಂದ ನಮ್ಮ ಜೊತೆ ಬಂದಿದ್ದ ಒಬ್ಬರು ನಮ್ಮ ಟಿಕೆಟ್ಟು ನೋಡಿ, "ಮಸ್ಕತ್ ವಿಮಾನ ರಾತ್ರಿ ಊಟದ ಹೊತ್ತು ಕಳೆದ ಮೇಲೆ ಕಣಮ್ಮ. ಅಲ್ಲಿಗೆ ಮುಟ್ಟೋ ಹೊತ್ತಿಗೆ ನಾಳೆ ಆಗಿರುತ್ತೆ" ಎಂದು ಹೇಳಿ, ಹೊರದೇಶದ ವಿಮಾನ ಹೊರಡುವ ಕಟ್ಟಡದವರೆಗೆ ನಮ್ಮನ್ನು ಬಿಟ್ಟು ಹೋದರು.

ನಾನು ನುಣ್ಣನೆಯ ನೆಲದ ಮೇಲೆ ಕಲ್ಲಾಟ ಆಡಲು ಕೂತೆ. ನೆಲಕ್ಕೆ ಫಿನಾಯಿಲಿನ ವಾಸನೆ. ಕಲ್ಲು ಕೈಗೆ ಸಿಗದೆ ಜಾರಿಕೊಂಡು ಹೋಗುತ್ತಿದ್ದವು. ಹೊರಗೆ ಬಿಸಿಲು ಇಳಿಯುತ್ತಿದ್ದಂತೆ ಅಜ್ಜಿ ಎದ್ದರು.

"ಸಾಕೀ, ಏಳು. ಎಲ್ಲಾರ ಹೋಗಿ ಎಡೆ ಇಕ್ಕಂಡು ಬರವ."

ಅಮ್ಮನ ಹೆಸರು ಸಾಕಮ್ಮ. ಅತ್ತೆಗೆ ಎದುರು ಮಾತಾಡಿದವಳಲ್ಲ. ಅವತ್ತು ಆಡಿದಳು.

"ಎಲ್ಲಿಗೆ ಹೋಗದು ಅತ್ತೆ? ಊರಾ ಕೇರಿಯಾ? ವಿಮಾನ ಹೊಂಟೋದ್ರೆ? ಎರಡೂವರೆ ವರ್ಸ ಆಯ್ತು ನಿಮ್ ಮಗನ ಮಕ ಕಂಡು. ಅವರು ಅಲ್ಲಿ ಬಂದು ನಿಂತಿರ್ತರೆ."

"ನನ್ ಮಗನ್ನ ನಾನೂ ನೋಡ್ಬೇಕು ಕಣಮ್ಮಿ. ಅವನು ನಾಳೀಕೂ ಇರ್ತನೆ. ಅಮಾಸೆ ನಾಳೀಕೆ ಇರಕ್ಕಿಲ್ಲ."

"ಇಲ್ಲೇ ಒಂದು ಬನ್ನು ತಕ್ಕಂಡು ಇಕ್ಕಿ ಕೈ ಮುಗುದ್ಬುಡಿ. ಮಾವಂಗೆ ಗೊತ್ತಾಗಕ್ಕಿಲ್ವಾ ನಮ್ ಕಷ್ಟ?"

"ಮೊದಲ್ನೇ ಎಡೆಗೆ ಬನ್ನು ಇಕ್ಕವ್ಳೆ! ಊರ್ಗೆ ಹೋಗಿ ಹೇಳ್ಬೇಡ, ನಕ್ಕಾರು. ಅಲ್ಲ ಕಣೆ, ಇಲ್ಲಿ ಮುಚ್ಚಾಕೆ ಒಂದು ಬಾಗ್ಲಾರ ಇದ್ದದಾ?"

ಬಾಗಿಲು ಇರಲಿಲ್ಲವೆಂದಲ್ಲ. ಮನುಷ್ಯರು ಹತ್ತಿರ ಹೋದರೆ ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಅಜ್ಜಿ ಕೈಚೀಲ ಎತ್ತಿಕೊಂಡು ಅಂಥದೇ ಒಂದು ಬಾಗಿಲಿನಿಂದ ಹೊರಗೆ ಹೋಗಿಯೇಬಿಟ್ಟರು. ನಾವಿಬ್ಬರೂ ಉಳಿದ ಗಂಟುಮೂಟೆ ಹೊತ್ತುಕೊಂಡು ಹಿಂದೆ ಓಡಿದೆವು.

ಹೊರಗೆ ಪೊಲೀಸಿನವರೊಬ್ಬರು ನಿಂತಿದ್ದರು. ನಾನು ಆರನೇ ಕ್ಲಾಸು, ಸ್ಕೂಲಿನಲ್ಲಿ ಹಿಂದಿ ಶುರುವಾಗಿ ಮೂರು ತಿಂಗಳು. ಅಜ್ಜಿ ನನ್ನ ಬೆನ್ನಿಗೆ ತಿವಿದು "ಕೇಳು" ಅಂದರು. ನನಗೆ ಬರುತ್ತಿದ್ದದ್ದು ಪುಸ್ತಕದ ವಾಕ್ಯಗಳು: ಇದು ಮನೆ, ಅದು ಮರ, ರಾಮ ಊಟ ಮಾಡುತ್ತಾನೆ. ಕೊನೆಯದನ್ನೇ ತಲೆ ತಗ್ಗಿಸಿಕೊಂಡು ಹೇಳಿದೆ. ಅವರು ನಕ್ಕು ಒಂದು ಆಟೋ ಕರೆದರು. ಆಟೋದವನು ನಮ್ಮ ಮಾತು ಕೇಳಿ "ಶೆಟ್ಟಿ ಹೋಟೆಲ್, ಶೆಟ್ಟಿ ಹೋಟೆಲ್" ಎಂದು ಹೇಳಿ ಕೂರಿಸಿಕೊಂಡ. ಸಂಜೆಯ ಬೊಂಬಾಯಿ ಕಣ್ಣಿಗೆ ಹೊಗೆ, ಮೂಗಿಗೆ ಕರಿದ ಎಣ್ಣೆ. ಅಮ್ಮ ದಾರಿಯುದ್ದಕ್ಕೂ ಕೈಗಡಿಯಾರ ನೋಡಿಕೊಂಡಳು, ತಿರುವುಗಳನ್ನು ನೋಡಿಕೊಂಡಳು.

ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಶೆಟ್ಟರು ಕುಂದಾಪುರದ ಕಡೆಯವರು. ನಮ್ಮ ಕನ್ನಡ ಕೇಳಿದ್ದೇ ಮುಖ ಅರಳಿತು.

"ಮೈಸೂರು ಸೈಡಾ? ಬನ್ನಿ ಬನ್ನಿ. ಎಷ್ಟು ಊಟ?"

"ನಾವು ಮೂರು ಜನ," ಅಜ್ಜಿ ಹೇಳಿದರು. "ನಮ್ಮ ಯಜಮಾನ್ರು ಒಬ್ರು. ಅವರ್ದು ಮೊದ್ಲು ಆಗ್ಬೇಕು."

"ಆಯ್ತಲ್ಲ. ಯಜಮಾನರು ಎಲ್ಲಿದ್ದಾರೆ?"

"ಹೋದ ವರ್ಸ ಆಸಾಡದಲ್ಲಿ ತೀರ್ಕಂಡ್ರು."

ಶೆಟ್ಟರು ಅಮ್ಮನ ಮುಖ ನೋಡಿದರು. ಅಮ್ಮ ನೆಲ ನೋಡಿದಳು. ಅಜ್ಜಿ ಕೈಚೀಲ ಬಿಚ್ಚಿ ಪಂಚೆ, ಬೀಡಿ, ರಾಗಿ ಹಿಟ್ಟಿನ ಗಂಟು ಒಂದೊಂದೇ ತೆಗೆದು ಮೇಜಿನ ಮೇಲೆ ಇಟ್ಟರು. ಆಗ ಶೆಟ್ಟರಿಗೆ ಅರ್ಥವಾಯಿತು.

"ಓ, ಇವತ್ತು ಅಮಾಸೆ. ನಮ್ಮಲ್ಲೂ ಹೋದವರಿಗೆ ಬಡಿಸ್ತಾರೆ ಅಜ್ಜೀ. ಕೋಳಿ ಉಂಟು, ಮೀನು ಉಂಟು, ಅನ್ನ ಉಂಟು. ಈ ರಾಗಿ ಮಾತ್ರ ನಮಗೆ ಗೊತ್ತಿಲ್ಲ ಮಾರಾಯ್ರೆ."

"ನನ್ ಸೊಸೆ ತಿರುವ್ತಳೆ. ಒಲೆ ಒಂದು ಕೊಡಿ."

"ಹೊರಗಿನವರನ್ನ ಅಡಿಗೆಮನೆಗೆ ಬಿಡುವ ಕ್ರಮ ಇಲ್ಲ." ಶೆಟ್ಟರು ಹಾಗೆ ಅಂದವರು ಗೋಡೆಯ ಗಡಿಯಾರ ನೋಡಿದರು, ಮತ್ತೆ ಅಜ್ಜಿಯ ಮುಖ ನೋಡಿದರು. "ಬೇಗ ಆಗ್ಬೇಕು ಹಾಂ. ಗಿರಾಕಿ ಬರುವ ಹೊತ್ತು."

ಅಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಅವಳ ಸೆರಗು ಹಿಡಿದುಕೊಂಡು ನಾನೂ ಹೋದೆ. ಅಡಿಗೆಯವನು ಹಿಟ್ಟಿನ ಬಣ್ಣ ನೋಡಿ "ಎಂತ ಇದು, ಸಿಮೆಂಟಾ?" ಅಂದ. ಮುದ್ದೆಕೋಲು ಇಲ್ಲದ್ದಕ್ಕೆ ಅಮ್ಮ ಲಟ್ಟಣಿಗೆ ಹಿಡಿದು, ಎರಡು ಪಾದದ ನಡುವೆ ಪಾತ್ರೆ ಒತ್ತಿಕೊಂಡು ತಿರುವಿದಳು. ಬೆಂದ ರಾಗಿಯ ಘಮ ಎದ್ದಾಗ ನನ್ನ ಹೊಟ್ಟೆ ಸದ್ದು ಮಾಡಿತು. ಬೆಳಗಿನಿಂದ ನೀರು ಬಿಟ್ಟು ಏನೂ ಬಿದ್ದಿರಲಿಲ್ಲ.

ಫ್ಯಾಮಿಲಿ ರೂಮ್ ಎಂದು ಒಂದು ಸಣ್ಣ ಕೋಣೆ ಇತ್ತು. ಬಾಳೆಲೆ ಹಾಸಿ, ಮುದ್ದೆ ಇಟ್ಟು, ಕೋಳಿ ಸಾರು ಹಾಕಿ, ಅನ್ನ, ಹುರಿದ ಮೀನು, ಒಂದು ಲೋಟ ಕಾಫಿ, ಪಕ್ಕದಲ್ಲಿ ಪಂಚೆಯ ಮೇಲೆ ಬೀಡಿ ಕಟ್ಟು ಇಟ್ಟೆವು. ಸಾರಿಗೆ ತೆಂಗಿನಕಾಯಿ ಜಾಸ್ತಿಯಾಗಿದೆ ಎಂದು ಅಜ್ಜಿ ಗೊಣಗಿದರು. ಧೂಪ ಹಚ್ಚಿ ಕೈ ಮುಗಿದು, "ಬೊಂಬಾಯಿಗೆ ಬನ್ನಿ, ನಾವು ಇಲ್ಲಿದ್ದೀವಿ" ಎಂದು ಮೆಲ್ಲಗೆ ಕರೆದರು. ಹೊರಗೆ ಬಂದು ನೋಡಿದರೆ ಆ ಕೋಣೆಗೆ ಇದ್ದದ್ದು ಅರ್ಧ ಬಾಗಿಲು. ಮೇಲೆ ತಲೆ ಕಾಣುತ್ತದೆ, ಕೆಳಗೆ ಕಾಲು ಕಾಣುತ್ತದೆ.

"ಇದೇನ್ ಬಾಗ್ಲು! ಉಣ್ಣೋರ್ಗೆ ನಾಚ್ಕೆ ಆಗಕ್ಕಿಲ್ವಾ?" ಅಜ್ಜಿ ತಮ್ಮ ಗಂಟಿನಿಂದ ಇನ್ನೊಂದು ಸೀರೆ ತೆಗೆದು ಬಾಗಿಲಿಗೆ ಅಡ್ಡವಾಗಿ ಇಳಿಬಿಟ್ಟರು.

ನಾವು ಮೂವರೂ ಹೋಟೆಲಿನ ಹೊರಗೆ ಫುಟ್‌ಪಾತಿನ ಮೇಲೆ, ಹೋಟೆಲಿಗೆ ಬೆನ್ನು ಮಾಡಿ ನಿಂತೆವು. ನೋಡಬಾರದು ಎಂದು ಕ್ರಮ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಒಳಗೆ ಶೆಟ್ಟರು ಯಾರನ್ನೋ ಗದರಿಸಿದ್ದು ಕೇಳಿಸಿತು. ಹೊಸದಾಗಿ ಕೆಲಸಕ್ಕೆ ಇಳಿದಿದ್ದ ಸಪ್ಲಯರು ಸೀರೆ ಸರಿಸಲು ಹೋಗಿದ್ದನಂತೆ.

"ಏ, ಹೋಗ್ಬೇಡ ಅಲ್ಲಿ! ಗಿರಾಕಿ ಊಟ ಮಾಡ್ತಿದ್ದಾರೆ ಕಾಣುದಿಲ್ವಾ?"

"ಯಾರೂ ಇಲ್ಲ ಅಣ್ಣಾ!"

"ಇದ್ದಾರೆ. ಸುಮ್ಮನಿರು."

ನನಗೆ ನಗು ಬಂತು. ಅಜ್ಜಿ ತಲೆಯ ಮೇಲೆ ಒಂದು ಮೊಟಕಿದರು.

ಬೀದಿ ದೀಪಗಳು ಹತ್ತಿಕೊಂಡವು. ಅಮ್ಮ ಗಡಿಯಾರ ನೋಡುವುದನ್ನು ಬಿಟ್ಟು ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಅಜ್ಜಿ ಅದನ್ನು ನೋಡಿದರೋ ಏನೋ. ಅವರಿಗೇ ಈಗ ಭಯ ಹತ್ತಿತ್ತು.

"ಆಯ್ತು ನಡಿ, ಬಾಗ್ಲು ತಗಿ ಸಾಕೀ. ಇಷ್ಟೊತ್ತು ಸಾಕು. ವಿಮಾನ ತಪ್ಪೋದಾತು."

ಅಮ್ಮ ಕದಲಲಿಲ್ಲ.

"ಇರಿ ಅತ್ತೆ."

"ಏನಿರದು? ಆಗ್ಲಿಂದ ನೀನೇ ಬಡ್ಕತಿದ್ದೆ."

"ಮಾವ ಬಿರ್‌ಬಿರ್ನೆ ಉಂಡೋರಲ್ಲ. ಹಲ್ಲಿರ್ಲಿಲ್ವಲ್ಲ. ಮುದ್ದೆ ಮುರುದು, ಸಾರಲ್ಲಿ ಅದ್ದಿ, ನುಂಗಿ, ಒಂದು ಗುಟುಕು ನೀರು ಕುಡುದು, ಆಮೇಲೆ ಇನ್ನೊಂದು ತುತ್ತು ಮುರಿಯೋರು. ಇನ್ನೂ ಅರ್ಧ ಮುದ್ದೇಲವ್ರೆ ಈಗ. ಎಬ್ಬುಸ್ಬೇಡಿ."

ಅಜ್ಜಿ ಸೊಸೆಯ ಮುಖ ನೋಡಿದರು. ಅಜ್ಜಿಗೆ ವರ್ಷವೆಲ್ಲ ಹೊಲ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಂತೂ ಎಲೆ ಒಣಗಿಸುವ ಬ್ಯಾರನ್ ಗೂಡಿನ ಬೆಂಕಿಯ ಮುಂದೆಯೇ ವಾಸ. ತಾತ ಹಾಸಿಗೆ ಹಿಡಿದ ಮೇಲೆ ಎರಡು ಹೊತ್ತೂ ಎದುರಿಗೆ ಕೂತು ಬಡಿಸಿದವಳು ಅಮ್ಮ. ಅಜ್ಜಿ ಮತ್ತೆ ರಸ್ತೆಯ ಕಡೆ ತಿರುಗಿ ನಿಂತರು. ಅಮ್ಮನ ತುಟಿ ಅಲುಗುತ್ತಿದ್ದವು. ತಾತನ ಒಂದೊಂದು ತುತ್ತನ್ನೂ ಅವಳು ಮನಸ್ಸಿನಲ್ಲೇ ಉಣಿಸುತ್ತಿದ್ದಳೆಂದು ನನಗೆ ಆಗ ತಿಳಿಯಲಿಲ್ಲ. ಗಂಡನ ಹತ್ತಿರ ಹೋಗುವ ವಿಮಾನ ಹೊರಡಲು ಸಜ್ಜಾಗುತ್ತಿತ್ತು. ಅವಳು ಮಾವ ಉಂಡು ಮುಗಿಸಲಿ ಎಂದು ಕಾಯುತ್ತಿದ್ದಳು.

ಕೊನೆಗೆ, "ಈಗ ಕೈ ತೊಳ್ಕತಾರೆ" ಅಂದಳು. ಅಜ್ಜಿ ಕೆಮ್ಮಿದರು. ಒಳಗೆ ಹೋದೆವು.

ಅಜ್ಜಿ ಎಡೆಯ ಎಲೆಯಿಂದಲೇ ನನ್ನ ಬಾಯಿಗೆ ಮುದ್ದೆ ತುರುಕಿದರು. ಆರಿ ತಣ್ಣಗಾಗಿತ್ತು. ಅಷ್ಟು ರುಚಿಯ ಊಟ ನಾನು ಆಮೇಲೆ ಉಂಡಿಲ್ಲ. ಶೆಟ್ಟರು ಆಟೋ ನಿಲ್ಲಿಸಿ, ಆಟೋದವನಿಗೆ ಹಿಂದಿಯಲ್ಲಿ ಜೋರುಮಾಡಿ ಹೇಳಿ ಕಳಿಸಿದರು. ವಿಮಾನ ನಿಲ್ದಾಣದಲ್ಲಿ ನಮ್ಮನ್ನು ನೋಡಿ ಕೌಂಟರಿನವರು ಕೂಗಾಡಿದರು. ಏನು ಬೈದರೋ ನಮಗೆ ತಿಳಿಯಲಿಲ್ಲ, ಅದೂ ಒಳ್ಳೆಯದೇ ಆಯಿತು. ನಾವು ಹತ್ತಿದ ಮೇಲೆ ವಿಮಾನದ ಬಾಗಿಲು ಹಾಕಿದರು.

ಮಸ್ಕತ್ತಿನಲ್ಲಿ ಅಪ್ಪ ನಿಂತಿದ್ದರು. ತೆಳ್ಳಗಾಗಿದ್ದರು. ಅಜ್ಜಿ, "ನಿಮ್ಮಪ್ಪ ಉಂಡ್ರು ಕಣಪ್ಪ" ಅಂದರು. ಅಪ್ಪ ಅಮ್ಮನ ಕಡೆ ತಿರುಗಿ, "ಏನೇನ್ ಇಕ್ಕಿದ್ರಿ?" ಎಂದು ಕೇಳಿದರು. ಅಮ್ಮ ಹೇಳಿದಳು. ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಅದನ್ನೇ ಇನ್ನೊಂದು ಸಲ ಕೇಳಿದರು, ಅಮ್ಮ ಮತ್ತೆ ಮೊದಲಿನಿಂದ ಹೇಳಿದಳು.

ಆಗ ನಮ್ಮೂರಿನಲ್ಲಿ ಮಾರ್ನಮಿ ಅಮಾಸೆಯ ಸಂಜೆ ಬೀದಿಯವರೆಲ್ಲ ತಮ್ಮ ತಮ್ಮ ಮುಚ್ಚಿದ ಬಾಗಿಲಿನ ಮುಂದೆ ನಿಂತಿರುತ್ತಿದ್ದರು. ಅಷ್ಟು ಜನ ನಿಂತರೂ ಬೀದಿ ಮೆಲುದನಿಯಲ್ಲಿ ಇರುತ್ತಿತ್ತು. "ನಿಮ್ಮೋರು ಉಂಡ್ರಾ?" "ಇಲ್ಲ, ನಮ್ಮಜ್ಜಿದು ಇನ್ನೂ ಅನ್ನಕ್ಕೆ ಬಂದಿಲ್ಲ" ಎಂದು ಮಾತಾಡಿಕೊಳ್ಳುತ್ತಿದ್ದರು. ಸತ್ತವರು ಉಣ್ಣುವ ರೀತಿ ಮನೆಮನೆಗೂ ಗೊತ್ತಿತ್ತು. ಈಗ ಬಾಗಿಲು ಎಳೆದುಕೊಂಡ ಶಾಸ್ತ್ರ ಮಾಡಿ ಎರಡು ನಿಮಿಷಕ್ಕೆ ತೆಗೆಯುತ್ತಾರೆ. ಒಳಗೆ ಟೀವಿಯೂ ಓಡುತ್ತಿರುತ್ತದೆ. ತಪ್ಪು ಅನ್ನುವುದಿಲ್ಲ, ಎಲ್ಲರಿಗೂ ಕೆಲಸ ಇರುತ್ತದೆ.

ಅಜ್ಜಿ ಹೋದರು, ಅಪ್ಪ ಹೋದರು, ನಿಮ್ಮ ತಾತನೂ ಹೋದರು. ಅಮ್ಮ ಹೋಗಿ ನಾಲ್ಕು ವರ್ಷ. ಈಗ ಎಲ್ಲರಿಗೂ ಎಡೆ ಇಡುವವಳು ನಾನು. ನಿಮ್ಮ ತಾತ ಸರಸರ ಉಂಡು ಏಳುವವರು. ಅಪ್ಪ ನಡುವೆ ಮಾತಾಡುವವರು. ಅಜ್ಜಿ ಕೊನೆಗೆ ಮಜ್ಜಿಗೆ ಕೇಳಿ ಮತ್ತೆ ಕೂರುವವರು. ಇವರಿಗೆಲ್ಲ ಎಷ್ಟು ಹೊತ್ತು ನಿಲ್ಲಬೇಕು ಎಂದು ನನಗೆ ಗೊತ್ತು.

ಅಮ್ಮನದು ಗೊತ್ತಿಲ್ಲ. ಅವಳು ಎಲ್ಲರದೂ ಆದ ಮೇಲೆ ಒಲೆಯ ಹತ್ತಿರ ಒಬ್ಬಳೇ ಉಣ್ಣುತ್ತಿದ್ದಳು. ನಾನು ಅಷ್ಟು ಹೊತ್ತಿಗೆ ಮಲಗಿರುತ್ತಿದ್ದೆ, ಇಲ್ಲವೆ ಆಡಲು ಹೋಗಿರುತ್ತಿದ್ದೆ. ಬೊಂಬಾಯಿಯ ಆ ಹೋಟೆಲಿನಲ್ಲಾದರೂ ಅವಳು ಉಂಡಳೇ ಎಂದು ನೆನಪು ಮಾಡಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ. ಅವಳು ನಿಧಾನವಾಗಿ ಉಣ್ಣುತ್ತಿದ್ದಳೋ ಬೇಗ ಉಣ್ಣುತ್ತಿದ್ದಳೋ, ಹೇಳಬಲ್ಲವರು ಯಾರೂ ಈಗ ಉಳಿದಿಲ್ಲ. ಅದಕ್ಕೇ ಅಮಾಸೆಯ ದಿನ ನೀವು "ಅಜ್ಜಿ, ಹಸಿವು, ಬಾಗಿಲು ತೆಗಿ" ಎಂದು ಎಳೆದರೂ ನಾನು ಇನ್ನೂ ಸ್ವಲ್ಪ ಹೊತ್ತು ನಿಂತೇ ಇರುತ್ತೇನೆ.