ಓನ್, ಓನ್, ಏಟ್

ಆ ದಿನ ನಾನು ನಕ್ಕೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ನಕ್ಕೆ ಎಂದು ನೆನಪು ಹೇಳುತ್ತದೆ. ಆದರೆ ಈ ನೆನಪನ್ನು ಎಷ್ಟು ಸಲ ಹೊರಗೆ ತೆಗೆದು, ಉಜ್ಜಿ, ಮತ್ತೆ ಒಳಗಿಟ್ಟಿದ್ದೇನೆಂದರೆ, ಅದರಲ್ಲಿ ನಡೆದದ್ದೆಷ್ಟು, ನನ್ನ ಕೈಯ ಕೊಳೆಯೆಷ್ಟು ಎಂಬುದು ಈಗ ಬೇರೆಯಾಗುವುದಿಲ್ಲ. ಬೆಂಚು ಇತ್ತು, ಅದು ನಿಜ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು ಎಂದು ಗೆಳೆಯರಿಗೆ ಹೇಳಿದ್ದುಂಟು. ಈಗ ಅನುಮಾನ. ಆಗಿನ ಕಾಲದಲ್ಲಿ ಹೊರಗಿನವರು ಕಾಯುವ ವರಾಂಡಕ್ಕೆ ಯಾರು ಫ್ಯಾನು ಹಾಕಿಸುತ್ತಿದ್ದರು?

ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡ ಇನ್ನೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಹೀಗಾಗಿ ಅಪ್ಪನ ಲೆಕ್ಕದಲ್ಲಿ ನಾವು ನಾಡು ಬಿಟ್ಟಿರಲಿಲ್ಲ, ರಾಜಧಾನಿಗೆ ಬಂದಿದ್ದೆವು ಅಷ್ಟೇ. ಅಪ್ಪ ಬಂದರದ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತ. ವಡಾಲದಲ್ಲಿ ಎರಡು ಕೋಣೆಯ ಮನೆ, ಹಾರ್ಬರ್ ಲೈನಿನ ಗಾಡಿ ಹೋದಾಗಲೆಲ್ಲ ಗೂಡಿನ ಮೇಲಿನ ಹಿತ್ತಾಳೆ ಡಬ್ಬಿಗಳು ಸಣ್ಣಗೆ ಮಾತಾಡುತ್ತಿದ್ದವು. ಅವ್ವ ಧಾರವಾಡದಲ್ಲೇ ತೀರಿಕೊಂಡಿದ್ದಳು. ಮನೆ ನಡೆಸುವವಳು ಅಕ್ಕ. ನನಗಿಂತ ಮೂರು ವರ್ಷ ದೊಡ್ಡವಳು, ಮ್ಯಾಟ್ರಿಕ್‌ನಲ್ಲಿ ನನಗಿಂತ ಹೆಚ್ಚು ಅಂಕ ತೆಗೆದವಳು. ಕಾಲೇಜಿಗೆ ಹೋದವನು ಮಾತ್ರ ನಾನು. ಆ ವರ್ಷ ಇಂಗ್ಲಿಷ್ ಎಂ.ಎ. ಓದುತ್ತಿದ್ದೆ.

ವಿಜಾಪುರದಿಂದ ಒಂದು ಸಂಬಂಧ ಬಂದಿತ್ತು. ಅರಳೆ ವ್ಯಾಪಾರ, ಸ್ವಂತ ಮನೆ, ಮೊದಲನೆಯ ಹೆಂಡತಿ ತೀರಿ ಎರಡು ಮಕ್ಕಳು. ಅಕ್ಕ ಒಲ್ಲೆ ಎಂದಳು. ಅಳಲಿಲ್ಲ, ಊಟ ಬಿಡಲಿಲ್ಲ. ಇಂಗ್ಲಿಷ್ ಪತ್ರಿಕೆಯ ಒಂದು ತುಂಡನ್ನು ಕತ್ತರಿಸಿ ಅಪ್ಪನ ಚಹದ ಬಟ್ಟಲಿನ ಪಕ್ಕದಲ್ಲಿಟ್ಟಳು. ಬಲ್ಲಾರ್ಡ್ ಎಸ್ಟೇಟಿನ ಒಂದು ಹಡಗು ಕಂಪನಿಗೆ ಟೆಲಿಫೋನ್ ಸ್ವಿಚ್‌ಬೋರ್ಡ್ ನೋಡಿಕೊಳ್ಳಲು ಮಹಿಳೆ ಬೇಕಾಗಿದ್ದಾರೆ, ಮ್ಯಾಟ್ರಿಕ್ ಆಗಿರಬೇಕು, ಇಂಗ್ಲಿಷ್ ಉಚ್ಚಾರ ಸ್ಪಷ್ಟವಿರಬೇಕು.

ಅಪ್ಪ ಎರಡು ಸಲ ಓದಿದ. "ಸಿಕ್ಕರ ವಿಜಾಪುರದವರಿಗೆ ನಾನs ಬ್ಯಾಡಂತ ಬರೀತೀನಿ. ಸಿಗಲಿಲ್ಲಂದ್ರ?"

"ಸಿಗಲಿಲ್ಲಂದ್ರ ನೀ ಹೇಳಿದಂಗ," ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ಏನೋ ಸಾಹೇಬಾ, ಕಲಸ್ತೀಯಿಲ್ಲೋ?"

ಅಂದಿನಿಂದ ಅಡುಗೆಮನೆ ನನ್ನ ಶಾಲೆಯಾಯಿತು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು, ನಾನು ಹೊಸ್ತಿಲ ಮೇಲೆ ಕೂತು ಅಂಕಿ ಕೂಗುತ್ತಿದ್ದೆ.

"ಯೇಟ್," ಅನ್ನುತ್ತಿದ್ದಳು.

"ಏಟ್."

"ಅದನ್ನs ಅಂದೆ. ಯೇಟ್."

"ಅಕ್ಕಾ, ಮೊದಲಿಗೆ 'ಯ' ಹಚ್ಚಲಿಕ್ಕತ್ತೀ ನೀ."

"ಯೆಲ್ಲಿ ಹಚ್ಚೀನಿ? ಯೆಲ್ಲಿ, ತೋರ್ಸು!"

ನಮ್ಮ ಬಾಯಿಯ ಗುಣವೇ ಅದು. ಎಲೆ ಎಂದು ಬರೆಯುತ್ತೇವೆ, ಯೆಲೆ ಅನ್ನುತ್ತೇವೆ. ಒಲೆ ಎಂದು ಬರೆಯುತ್ತೇವೆ, ವೊಲೆ ಅನ್ನುತ್ತೇವೆ. ಎಕಾರದ ಹಿಂದೆ ಒಂದು 'ಯ', ಒಕಾರದ ಹಿಂದೆ ಒಂದು 'ವ' ಕರೆಯದೆ ಬಂದು ನಿಲ್ಲುತ್ತವೆ. ಕನ್ನಡದಲ್ಲಿ ಅದು ಯಾರ ಕಿವಿಗೂ ಬೀಳುವುದಿಲ್ಲ. ಇಂಗ್ಲಿಷಿಗೆ ಹೋದ ಕೂಡಲೆ ಬೀಳುತ್ತದೆ. ಫೋನಿನಲ್ಲಿ ಸೊನ್ನೆಗೆ 'ಓ' ಅನ್ನಬೇಕು, ಅಕ್ಕ 'ವೋ' ಅನ್ನುತ್ತಿದ್ದಳು. ಎಕ್ಸ್‌ಟೆನ್ಶನ್ 'ಯಕ್ಸ್‌ಟೆನ್ಶನ್' ಆಗುತ್ತಿತ್ತು. ಅವಳು ಎಡವುವ ಇಂಥವನ್ನಷ್ಟೇ ಕೂಗುತ್ತಿದ್ದೆ, ಒಂದು, ಎರಡು ಸುಲಭವೆಂದು ಬಿಟ್ಟಿದ್ದೆ. ಕಾಲೇಜಿನ ಮೊದಲ ವರ್ಷ ಇದೇ ತಪ್ಪಿಗೆ ನನ್ನನ್ನು ತರಗತಿಯಲ್ಲಿ ಅಣಕಿಸಿದ್ದರು. ಕನ್ನಡಿಯ ಮುಂದೆ ನಿಂತು ನಾಲಿಗೆಯಿಂದ ಅದನ್ನು ಕಿತ್ತು ಹಾಕಿಕೊಂಡಿದ್ದೆ. ಈಗ ಅದು ಅಕ್ಕನ ಬಾಯಲ್ಲಿ ಕೇಳಿದರೆ ಯಾರೋ ನನ್ನ ಹಳೆಯ ಅಂಗಿ ಹಾಕಿಕೊಂಡು ಬೀದಿಗೆ ಬಂದಂತೆ ಸಿಟ್ಟು ಬರುತ್ತಿತ್ತು.

ಆ ಸಿಟ್ಟಿನಲ್ಲೇ ಅವಳಿಗೊಂದು ನಿಯಮ ಮಾಡಿಕೊಟ್ಟೆ. "ಅಕ್ಷರದಾಗ ಇದ್ದರ ಅನ್ನು, ಇಲ್ಲಂದ್ರ ನುಂಗು. ವೈ ಇದ್ದಲ್ಲಿ 'ಯ', ಡಬ್ಲ್ಯೂ ಇದ್ದಲ್ಲಿ 'ವ'. ಇಲ್ಲಂದ್ರ ಅದು ನಮ್ಮ ಹಳ್ಳಿ ಗಾಳಿ."

"ಆದ್ರ ಕಿವಿಗೆ ಬ್ಯಾರೆ ಕೇಳಿಸ್ತದಲ್ಲೋ ಒಮ್ಮೊಮ್ಮೆ?"

"ಕಿವಿ ನಂಬಬ್ಯಾಡ. ನಿನ್ನ ಕಿವೀನೂ ಧಾರವಾಡದ್ದs."

ಇದನ್ನು ಹೇಳಿದ್ದು ನಾನೇ. ಇದರಲ್ಲಿ ನನಗೆ ಸಂಶಯವಿಲ್ಲ. ಏಕೆಂದರೆ ಅವಳು ಬಹಳ ದಿನ ಅದನ್ನೇ ಆಡಿಕೊಂಡು ನಗುತ್ತಿದ್ದಳು. ಅಪ್ಪ ಕರೆದದ್ದು ಕೇಳಿಸದಿದ್ದರೆ, "ನಂದು ಧಾರವಾಡದ ಕಿವಿ, ಮುಂಬಯಿ ಮಾತು ಕೇಳಿಸೂದಿಲ್ಲ," ಅನ್ನುವಳು.

ಬೆಳಿಗ್ಗೆ ಅಡುಗೆಮನೆಯಲ್ಲಿ ಹೀಗೆ, ಮಧ್ಯಾಹ್ನ ಕಾಲೇಜಿನಲ್ಲಿ ಬೇರೆ ಲೋಕ. ನಮ್ಮ ಪ್ರಾಧ್ಯಾಪಕರೊಬ್ಬರು ಇಂಗ್ಲಿಷ್ ಭಾಷೆಯ ಚರಿತ್ರೆ ಹೇಳುತ್ತಿದ್ದರು. ಕರಿಹಲಗೆಯ ಮೇಲೆ ಉತ್ತರ ಸಮುದ್ರ ಬರೆದು ಬಾಣಗಳನ್ನು ಬಿಡುತ್ತಿದ್ದರು. ಈ ಬಾಣದಲ್ಲಿ ಸ್ಯಾಕ್ಸನರು ಬಂದರು, ಈ ಬಾಣದಲ್ಲಿ ಡೇನರು, ಇಲ್ಲಿ ಕೆಳಗಿನಿಂದ ನಾರ್ಮನರು. ಇಂಗ್ಲಿಷ್ ಆಗ ಸೋತ ಊರಿನವರ ಭಾಷೆ, ದನ ಕಾಯುವವರ ಭಾಷೆ, ಆಸ್ಥಾನದಲ್ಲಿ ಯಾರೂ ಆಡದ ಭಾಷೆ. ಕಿಟಕಿಗೆ ಹೆಸರು ಡೇನರಿಂದ, ತಟ್ಟೆಯ ಮೇಲಿನ ಮಾಂಸಕ್ಕೆ ಹೆಸರು ಫ್ರೆಂಚರಿಂದ. ಕೊನೆಗೆ ಎಲ್ಲ ಬಾಣಗಳೂ ಹೊರಮುಖವಾಗಿ ತಿರುಗಿ ಅಮೆರಿಕ, ಆಫ್ರಿಕ, ಮುಂಬಯಿ. ಹಡಗು ಹೋದಲ್ಲಿ ಭಾಷೆ ಹೋಯಿತು, ಎನ್ನುತ್ತಿದ್ದರು. ಇರಬಹುದು. ಆದರೆ ನಾನು ಕಣ್ಣಾರೆ ಕಂಡದ್ದು ಬೇರೆ. ಹಡಗು ಬಂದರಿನಲ್ಲೇ ನಿಂತಿರುತ್ತದೆ. ಮನೆಯಲ್ಲಿ ಒಬ್ಬ ಕಲಿಯುತ್ತಾನೆ, ಆಮೇಲೆ ಹೊಸ್ತಿಲ ಮೇಲೆ ಕೂತು ಉಳಿದವರ ಬಾಯಿ ಕಾಯುತ್ತಾನೆ.

ಹಡಗು ಕಂಪನಿಯವರು ಪರೀಕ್ಷೆಗೆ ಕರೆದ ದಿನ ಅಕ್ಕ ಬಿಳಿ ಸೀರೆ ಉಟ್ಟಿದ್ದಳು. ಅಥವಾ ತಿಳಿನೀಲಿ. ವಿ.ಟಿ. ಸ್ಟೇಷನ್ನಿನಲ್ಲಿ ಇಳಿದು ನಡೆದುಕೊಂಡೇ ಹೋದೆವು. ದಾರಿಯುದ್ದಕ್ಕೂ ಅವಳು ಅಂಗಡಿಗಳ ಬಾಗಿಲಿನ ನಂಬರುಗಳನ್ನು ಮೆಲ್ಲಗೆ ಓದಿಕೊಳ್ಳುತ್ತ ಬಂದಳು. ನಾನು ಕಿವಿಗೊಟ್ಟಿದ್ದರೆ ಅಲ್ಲೇ ತಿಳಿಯುತ್ತಿತ್ತು. ಕಿವಿಗೊಡಲಿಲ್ಲ. ಗುರುತಿನವರು ಯಾರಾದರೂ ಕಂಡಾರೆಂದು ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದೆ.

ಕಂಪನಿಯ ಎರಡನೆಯ ಮಹಡಿಯಲ್ಲಿ ವರಾಂಡ, ಬೆಂಚು. ಒಳಗೆ ಪರೀಕ್ಷೆ ಹೀಗಿತ್ತಂತೆ: ಚೀಟಿಯಲ್ಲಿ ಬರೆದ ನಂಬರನ್ನು ಅಭ್ಯರ್ಥಿ ಫೋನಿನಲ್ಲಿ ಹೇಳಬೇಕು, ಇನ್ನೊಂದು ಕೋಣೆಯಲ್ಲಿ ಕೂತವನು ಕೇಳಿಸಿದ್ದನ್ನು ಬರೆದುಕೊಳ್ಳಬೇಕು. ಎರಡೂ ಚೀಟಿ ಹೊಂದಬೇಕು. ಅಕ್ಕ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಆ ಇನ್ನೊಂದು ಕೋಣೆಯ ಯುವಕನೇ ಸಿಗರೇಟು ಸೇದಲು ಹೊರಬಂದ. ನನ್ನ ಕೋಟು, ಕೈಯಲ್ಲಿದ್ದ ಇಂಗ್ಲಿಷ್ ಪತ್ರಿಕೆ ನೋಡಿ ಮಾತಿಗಿಳಿದ. ಇಬ್ಬರೂ ಇಂಗ್ಲಿಷಿನಲ್ಲೇ ಆಡಿದೆವು.

"ಈಗ ಒಳಗಿರುವ ಹೆಂಗಸು ಅದ್ಭುತ," ಅಂದ. "ಎಂಟು ಸರಿ, ಏಳು ಸರಿ. ಒಂದಕ್ಕೆ ಮಾತ್ರ 'ಓನ್' ಅನ್ನುತ್ತಾಳೆ. ಓನ್, ಓನ್, ಏಟ್! ನಾನು ಸೊನ್ನೆ, ಸೊನ್ನೆ, ಎಂಟು ಎಂದು ಬರೆದುಕೊಂಡೆ. ಅಂಥ ನಂಬರೇ ನಮ್ಮಲ್ಲಿಲ್ಲ, ಮೇಡಂ ಅಂದೆ. ಮತ್ತೆ ಅದೇ, ಇನ್ನೂ ಸ್ಪಷ್ಟವಾಗಿ: ಓನ್, ಓನ್, ಏಟ್!"

ಇಲ್ಲಿಯೇ ನಾನು ನಕ್ಕದ್ದು, ಅಥವಾ ನಗದೆ ಇದ್ದದ್ದು.

"ನೀವು ಯಾರಿಗಾದರೂ ಕಾಯುತ್ತಿದ್ದೀರಾ?" ಎಂದು ಕೇಳಿದ.

"ಗೆಳೆಯನೊಬ್ಬ ಕೆಳಗಿನ ಆಫೀಸಿನಲ್ಲಿದ್ದಾನೆ," ಅಂದೆ. ವಾಕ್ಯ ಚೆನ್ನಾಗಿತ್ತು, ಉಚ್ಚಾರವೂ ಚೆನ್ನಾಗಿತ್ತು.

ಆಗ ಬಾಗಿಲು ತೆರೆದು ಅಕ್ಕ ಹೊರಬಂದಳು. ನನ್ನನ್ನು ನೋಡಿದಳು, ಪಕ್ಕದಲ್ಲಿ ಸಿಗರೇಟು ಹಿಡಿದು ನಿಂತವನನ್ನು ನೋಡಿದಳು. ಮತ್ತೆ, ನಾನು ಯಾರೋ ಏನೋ ಎಂಬಂತೆ, ನಮ್ಮಿಬ್ಬರ ಮುಂದೆಯೇ ಹಾಯ್ದು ಮೆಟ್ಟಿಲಿಳಿದು ಹೋದಳು. ನಾನಂದದ್ದು ಅವಳಿಗೆ ಕೇಳಿಸಿತ್ತೆ? ಅಥವಾ ನನ್ನ ಮುಖ ನೋಡಿಯೇ ತಿಳಿದಳೆ? ನನ್ನ ಮಾನ ಉಳಿಸಬೇಕೆಂದು ಅವಳಿಗೆ ಅಷ್ಟು ಬೇಗ ಹೇಗೆ ಹೊಳೆಯಿತು? ನಾನು ಸ್ವಲ್ಪ ಹೊತ್ತು ಅಲ್ಲೇ ಕೂತು, ಆ ಯುವಕ ಒಳಗೆ ಹೋದ ಮೇಲೆ ಎದ್ದೆ. ವಿ.ಟಿ.ವರೆಗೂ ಅವಳ ಹಿಂದೆ, ಇಪ್ಪತ್ತು ಹೆಜ್ಜೆ ದೂರದಲ್ಲಿ ನಡೆದೆ.

ಅವಳು ಹೆಂಗಸರ ಡಬ್ಬಿಯಲ್ಲಿ ಹತ್ತಿದಳು. ವಡಾಲ ಸ್ಟೇಷನ್ನಿನಲ್ಲಿ ಇಳಿದ ಮೇಲೆಯೇ ಮಾತು.

"ನಕ್ಕರೋ," ಅಂದಳು. "ಸ್ಟೋನ್, ಬೋನ್, ಟೋನ್. ಹಂಗs ಓನ್ ಅಂತ ಮಾಡಿದ್ದೆ. ಅದರಾಗ ಡಬ್ಲ್ಯೂ ಎಲ್ಲದ?"

"ಒಂದಕ್ಕ ವನ್ ಅಂತ ಸಣ್ಣ ಹುಡುಗರಿಗೂ ಗೊತ್ತದ!"

"ನನಗೂ ಗೊತ್ತಿತ್ತು. ಎಲ್ಲಾರೂ ವನ್ ಅಂತಾರ. ಆದ್ರ ಎಲ್ಲಾರೂ ನಮ್ಮವರs ಅಲ್ಲೇನು, ಅವರೂ 'ವ' ಹಚ್ಚಲಿಕ್ಕತ್ತಾರಂತ ತಿಳಕೊಂಡೆ." ಸ್ವಲ್ಪ ದೂರ ನಡೆದು, "ನಿನಗ ತೋರ್ಸಿದ್ನಲ್ಲೋ," ಅಂದಳು.

"ನನಗs? ಯಾವಾಗ ತೋರ್ಸಿದಿ? ನಾ ನೋಡಿದ್ರ ಬಿಡ್ತಿದ್ನೇನು?"

ಅವಳು ನನ್ನ ಮುಖ ನೋಡಿದಳು. "ಇಲ್ಲ ಬಿಡು. ತೋರ್ಸಿರಲಿಕ್ಕಿಲ್ಲ. ನನ್ನದs ತಪ್ಪು."

ಅಪ್ಪ ವಿಜಾಪುರಕ್ಕೆ ಒಪ್ಪಿಗೆಯ ಕಾಗದ ಬರೆದ. ವೈಶಾಖದಲ್ಲಿ ಲಗ್ನವಾಯಿತು. ಅವಳ ಬಾಳು ಹಾಳಾಯಿತು ಎಂದು ಬರೆದರೆ ಸುಳ್ಳು. ಆ ಎರಡು ಮಕ್ಕಳನ್ನು ಬೆಳೆಸಿದಳು, ತನ್ನ ಮೂವರನ್ನು ಹೆತ್ತಳು, ಅಂಗಡಿಯ ಪತ್ರವ್ಯವಹಾರವನ್ನೆಲ್ಲ ತಾನೇ ಬರೆದಳು. ಆದರೆ ಮುಂಬಯಿಗೆ ಮತ್ತೆ ಬಂದದ್ದು ಎರಡೇ ಸಲ. ಎರಡು ಸಲವೂ ಫೋನು ಬಡಿದುಕೊಂಡರೆ, "ನೀನs ತಗೋ," ಎಂದು ಎದ್ದು ಒಳಗೆ ಹೋದಳು.

ನಾನು ಮೇಷ್ಟ್ರಾದೆ. ಅದೇ ಭಾಷೆಯ ಅದೇ ಚರಿತ್ರೆಯನ್ನು ಮೂವತ್ತು ವರ್ಷ ಹೇಳಿದೆ, ಅವೇ ಬಾಣಗಳನ್ನು ಬಿಟ್ಟೆ. ಅದರಲ್ಲಿ ಒಂದು ಪಾಠ ಬರುತ್ತದೆ. ಇಂಗ್ಲಿಷರು ಒಂದಕ್ಕೆ ಹಿಂದೆ ಸ್ಟೋನ್‌ಗೆ ಪ್ರಾಸವಾಗುವಂತೆ, ಹೆಚ್ಚು ಕಡಿಮೆ 'ಓನ್' ಎಂದೇ ಅನ್ನುತ್ತಿದ್ದರು. 'ಅಲೋನ್', 'ಓನ್ಲಿ' ಈ ಶಬ್ದಗಳಲ್ಲಿ ಆ ಹಳೆಯ ಧ್ವನಿ ಇನ್ನೂ ಉಳಿದಿದೆ. ಪಶ್ಚಿಮದ ಕಡೆಯ ಹಳ್ಳಿಗರ ಬಾಯಲ್ಲಿ ಒಕಾರದ ಹಿಂದೆ ಒಂದು 'ವ' ಹುಟ್ಟಿಕೊಂಡಿತು. ಅದು ಪೇಟೆಗೆ ಬಂತು, ಊರೆಲ್ಲ ಹಬ್ಬಿತು, ಸರಿಯಾದ ಇಂಗ್ಲಿಷಾಯಿತು. ಬರಹ ಮಾತ್ರ ಹಿಂದೆಯೇ ನಿಂತುಬಿಟ್ಟಿತು. ನಾವು ಒಲೆಗೆ ವೊಲೆ ಅನ್ನುವ ಅದೇ ಸೋಮಾರಿ ತುಟಿಯ ಕೆಲಸ. ಅಕ್ಕ ತನ್ನ ತಲೆಯಿಂದಲೇ ಲೆಕ್ಕ ಹಾಕಿ ಕೆಲವು ಶತಮಾನ ಹಿಂದಕ್ಕೆ ಹೋಗಿ ನಿಂತಿದ್ದಳು.

ಈ ಪಾಠ ಹೇಳುವಾಗ ಪ್ರತಿವರ್ಷ ಒಂದು ತಮಾಷೆ ಸೇರಿಸುತ್ತಿದ್ದೆ. "ನನ್ನ ಪರಿಚಯದ ಹೆಂಗಸೊಬ್ಬಳು ಒಮ್ಮೆ ಕೆಲಸದ ಪರೀಕ್ಷೆಗೆ ಹೋಗಿ..." ಹುಡುಗರು ನಗುತ್ತಿದ್ದರು. ಪರಿಚಯದ ಹೆಂಗಸು! ಮೂವತ್ತು ವರ್ಷ ಆ ಬೆಂಚಿನ ಮೇಲೆ ಕೂತು ಅದೇ ಉತ್ತರ ಕೊಟ್ಟೆ.

ಇಷ್ಟಾದರೂ ನನಗೊಂದು ಸಮಾಧಾನವಿತ್ತು. ಈ ಸಂಗತಿ ನಾನು ಓದಿದ್ದು ಅಕ್ಕನ ಪರೀಕ್ಷೆಯಾದ ಮೇಲೆ, ಪ್ರಾಧ್ಯಾಪಕರು ಅದನ್ನು ಹೇಳಿದ್ದು ಮುಂದಿನ ವರ್ಷ, ಅವಳು ನನಗೇನೂ ತೋರಿಸಿರಲಿಲ್ಲ, ಹೀಗಾಗಿ ನನ್ನದು ಅಸಡ್ಡೆ ಮಾತ್ರ. ಎಲ್ಲವನ್ನೂ ಸಂಶಯಿಸುವ ನಾನು ಇದೊಂದನ್ನು ಸಂಶಯಿಸಲಿಲ್ಲ. ಅಕ್ಕ ತೀರಿಹೋದ ಸುದ್ದಿ ಬಂದಾಗಲೂ, ವಿಜಾಪುರಕ್ಕೆ ಹೊರಟ ರೈಲಿನಲ್ಲಿ, ಇದನ್ನೇ ಮನಸ್ಸಿಗೆ ಹೇಳಿಕೊಂಡು ಹೋದೆ.

ಅದಾದ ಮೇಲೆ, ವಡಾಲದ ಮನೆ ಬಿಟ್ಟು ಮುಂಬಯಿಯ ಇನ್ನೊಂದು ಮಗ್ಗುಲಿನ ಜೋಗೇಶ್ವರಿಗೆ ಬರುವಾಗ ಅಟ್ಟದಿಂದ ನನ್ನ ಎಂ.ಎ. ಕಾಲದ ಬಿಡಿಹಾಳೆಗಳ ಕಟ್ಟು ಇಳಿಯಿತು. ರದ್ದಿಗೆ ಹಾಕುವ ಮೊದಲು ಒಂದೊಂದಾಗಿ ನೋಡಿದೆ. ಒಂದು ಹಾಳೆಯ ಮೇಲರ್ಧದಲ್ಲಿ ನನ್ನ ನೀಲಿ ಶಾಯಿಯ ಟಿಪ್ಪಣಿ: ಒಂದಕ್ಕೆ ಹಳೆಯ ಉಚ್ಚಾರ, ಸ್ಟೋನ್‌ನೊಂದಿಗೆ ಪ್ರಾಸ, 'ವ' ಆಮೇಲೆ ಬಂದದ್ದು. ಟಿಪ್ಪಣಿ ಹಾಳೆಯ ನಡುವೆ ಮುಗಿದಿದೆ. ಉಳಿದ ಜಾಗದಲ್ಲಿ, ನನ್ನ ಕೊನೆಯ ಸಾಲಿಗೆ ತಾಗದಂತೆ ಬೆರಳಗಲ ಬಿಟ್ಟು, ಪೆನ್ಸಿಲಿನಲ್ಲಿ ಅಕ್ಕನ ಅಕ್ಷರ, ಕೆಲಸದ ಪರೀಕ್ಷೆಗೆಂದು ಬರೆದುಕೊಂಡ ಉಚ್ಚಾರಗಳು, ಒಂದರಿಂದ ಒಂಬತ್ತರವರೆಗೆ. ನನ್ನ ಟಿಪ್ಪಣಿ ಮೊದಲು, ಅವಳ ಪಟ್ಟಿ ಆಮೇಲೆ. ಬೆಳಕಿಗೆ ಹಿಡಿದು, ಭೂತಗನ್ನಡಿ ತಂದು ನೋಡಿದೆ. ಪಟ್ಟಿಯ ಮೊದಲ ಸಾಲು: '1 – ಓನ್'. ಅದರ ಮುಂದೆ, ಅವಳ ಪೆನ್ಸಿಲ್ ಗೆರೆಯ ಮೇಲೆ ಹಾಯ್ದು, ಅದೇ ನೀಲಿ ಶಾಯಿಯಲ್ಲಿ, ನಾನು ಹಾಕಿದ ಸರಿ ಗುರುತು ಇದೆ.